ಎರಡನೇ ಶನಿವಾರ, ಭಾನುವಾರ

ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತೇವಲ್ಲ,
ಆ ಚೂರು ಎಲ್ಲಿಗೆ ಹೋಗುತ್ತದೆ?
ಇಪ್ಪತ್ತು ವರ್ಷದಿಂದ ಕತ್ತರಿಸುತ್ತಿದ್ದೇನೆ,
ಒಂದೂ ಗುಡಿಸುವಾಗ ಸಿಕ್ಕಿಲ್ಲ.
ಕಚೇರಿಯಿದ್ದ ದಿನ ಇಂಥವು ತಲೆಗೆ ಬರುವುದಿಲ್ಲ.

ಇವತ್ತು ಎರಡನೇ ಶನಿವಾರ.
ಶಿಡ್ಲಘಟ್ಟದ ಗಾಳಿಗೆ ರಜೆಯಿಲ್ಲ:
ಎದುರಿನ ಶೀಟುಮನೆಯಲ್ಲಿ ಗೂಡು ಬೇಯುತ್ತಿದೆ.
ಹೊಸಬರು ಮೂಗು ಮುಚ್ಚುತ್ತಾರೆ.
ನನಗೆ ಮಾತ್ರ ಎಲ್ಲಿಗಾದರೂ ಹೋಗಿ
ಬಸ್ಸಿನಲ್ಲಿ ತೂಕಡಿಸುತ್ತ ಹಿಂತಿರುಗುವಾಗ
ಆ ವಾಸನೆಯೇ ತಟ್ಟಿ ಎಬ್ಬಿಸುತ್ತದೆ,
ಇಳಿ, ಊರು ಬಂತು.

ಲೈಬ್ರರಿಯ ಪಿಳ್ಳಪ್ಪ ನಿನ್ನೆ ಬಾಗಿಲು ಎಳೆಯುತ್ತ
ಎರಡು ಕಾದಂಬರಿ ಕೊಟ್ಟ.
'ದಪ್ಪಂದು ಓದಿ ಮೇಡಂ, ತೆಳ್ಳಗಿರೋದರಲ್ಲಿ ಬರೀ ಅಳು.'
ಅವನ ಮಾತು ಯಾಕೆ ಕೇಳಬೇಕು ಅಂತ
ತೆಳ್ಳಗಿನದನ್ನೇ ತೆರೆದೆ.
ಹತ್ತನೇ ಪುಟಕ್ಕೆ ಪಿಳ್ಳಪ್ಪ ಗೆದ್ದ.

ದಪ್ಪದ್ದರಲ್ಲಿ ದೊಡ್ಡ ಮನೆ, ಮೂರು ತಲೆಮಾರು,
ಒಂದು ಬಾವಿ, ಬಾವಿಗೊಂದು ಗುಟ್ಟು.
ಯಾರಿಗೂ ನೀರು ಹಿಡಿಯುವ ಪಾಳಿ ಇಲ್ಲ,
ಗ್ಯಾಸು ಮುಗಿಯುವುದಿಲ್ಲ,
ಯಾರೂ ಒಂಟಿ ಚಪ್ಪಲಿ ಹುಡುಕುತ್ತ
ಮಂಚದಡಿ ಬಗ್ಗುವುದಿಲ್ಲ.
ಹೊತ್ತೆಲ್ಲ ಮಿಗುತ್ತದೆ ಅವರಿಗೆ,
ಅದಕ್ಕೇ ಇರಬೇಕು ಅಷ್ಟೊಂದು ದುಃಖ.

ಅರವತ್ತೊಂದನೇ ಪುಟದ ಅಂಚಿನಲ್ಲಿ
ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ:
'ಈ ಅತ್ತಿಗೆ ಸಾಯ್ತಾಳೆ.'
ಅಕ್ಷರ ಓರೆ, ಕೊನೆಯ 'ಳೆ' ಮಾತ್ರ
ಖುಷಿಯಾದಂತೆ ಬಾಲ ಎಳೆದುಕೊಂಡಿದೆ.

ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.
ಆದರೆ ಯಾವ ಅತ್ತಿಗೆ?
ನಾಲ್ಕು ಪುಟ ಹಿಂದಕ್ಕೆ ಹೋಗಿ ಹುಡುಕಿದೆ.
ಇದ್ದಾಳೆ. ಹೆಸರಿಲ್ಲ.
ಕಾಫಿ ತಂದಿಟ್ಟು ಒಳಗೆ ಹೋಗುತ್ತಾಳೆ.

ಅಲ್ಲಿಂದಾಚೆಗೆ ನಾಯಕಿ ಏನಾದರೂ ಮಾಡಿಕೊಳ್ಳಲಿ,
ನನ್ನ ಕಣ್ಣೆಲ್ಲ ಅಡುಗೆಮನೆ ಬಾಗಿಲ ಮೇಲೆ.
ಕೆಮ್ಮಿದಳೇ? ಇಲ್ಲ, ಕೆಮ್ಮಿದ್ದು ಮಾವ.
ಬಾವಿಯ ಕಡೆಗೆ ಕೊಡ ಹಿಡಿದು ಹೋದಾಗ
ಪುಸ್ತಕ ಮುಚ್ಚಿಟ್ಟು ಅನ್ನಕ್ಕಿಟ್ಟೆ.
ತಿರುಗಿ ತೆರೆದರೆ ನೀರು ಸೇದಿ ಬಂದಿದ್ದಳು.
ಅನ್ನ ತಳ ಹತ್ತಿತ್ತು.

ಭಾನುವಾರ ಬೆಳಿಗ್ಗೆ ಮನೆ ಮಾಲೀಕರು ಮುನಿಯಲ್ಲಪ್ಪ
ಮೋಟರು ಹಾಕಿ ಕಾಂಪೌಂಡಿನ ಮೇಲೆ ಮೊಣಕೈ ಊರಿದರು.
'ರಜಾ ದಿನ ಕೇಳಬಾರದು, ಆದರೂ ಕೇಳ್ತೀನಿ,
ನಮ್ಮ ಪಹಣಿ ತಿದ್ದುಪಡಿ ಎಲ್ಲಿಗೆ ಬಂತಮ್ಮಾ?'
ನೂರಾ ಎಪ್ಪತ್ತರಲ್ಲಿ ಬೆರಳಿಟ್ಟುಕೊಂಡೇ
ಸರ್ವೆ ನಂಬರು ಕೇಳಿಸಿಕೊಂಡೆ,
ಅವರ ಅಣ್ಣನ ಮೋಸ ಕೇಳಿಸಿಕೊಂಡೆ.
ಅವರು ಟೀಗೆಂದು ಕೋಟೆ ಸರ್ಕಲ್ಲಿಗೆ ಹೋದರು,
ಮೋಟರನ್ನು ಮರೆತು.
ತೊಟ್ಟಿ ತುಂಬಿ ಸುರಿದದ್ದೆಲ್ಲ
ನನ್ನ ಒಗೆದ ಹೊದಿಕೆಯ ಮೇಲೆ.

ಸಂಜೆ ನಸೀಂ ತಾಜ್ ಬಟ್ಟಲು ಖೀರು ಕೊಟ್ಟು
'ಇನ್ನೂ ಅದೇ ಪುಸ್ತಕಾನಾ?' ಅಂದರು.
'ಒಬ್ಬಳು ಸಾಯೋದು ಬಾಕಿ ಇದೆ' ಅಂದೆ.
ಅವರು ಒಂದು ಕ್ಷಣ ನನ್ನನ್ನೇ ನೋಡಿ
'ಬಟ್ಟಲು ನಾಳೆ ಕೊಡಿ, ಅವಸರ ಇಲ್ಲ' ಅಂದು ಹೋದರು.

ರಾತ್ರಿ ಹತ್ತೂವರೆಗೆ ಮುಗಿಯಿತು.
ಮದುವೆಯಾಯಿತು, ಕೋರ್ಟಾಯಿತು,
ಬಾವಿಯ ಗುಟ್ಟು ಅಂಥಾದ್ದೇನಲ್ಲ.
ಕೊನೆಯ ಪುಟದಲ್ಲಿ ಎಲ್ಲರೂ ಜಗಲಿಗೆ ಬಂದು
ಸಾಲಾಗಿ ಫೋಟೋಕ್ಕೆ ನಿಂತರು.
ನಾಯಿಯೂ ಇತ್ತು.
ಎಣಿಸಿದೆ. ಮತ್ತೆ ಎಣಿಸಿದೆ.

ಅತ್ತಿಗೆ ಸತ್ತಿಲ್ಲ.
ಇನ್ನೂರ ನಲವತ್ತರಲ್ಲಿ
ಡಾಕ್ಟರಿಗೆ ಬಿಸಿನೀರು ತರಲೆಂದು ಒಳಗೆ ಹೋದವಳು,
ಆಮೇಲೆ ಅವಳ ಮಾತಿಲ್ಲ.
ಬರೆದವರು ಕರೆಯುವುದನ್ನು ಮರೆತಿದ್ದಾರೆ.
ಡಾಕ್ಟರೂ ಒಣಗಿದ ಕೈಯಲ್ಲೇ ಹೊರಟುಬಿಟ್ಟ.

ಲೈಬ್ರರಿ ಪುಸ್ತಕದಲ್ಲಿ ಬರೆಯಬಾರದು, ಗೊತ್ತು,
ಪಿಳ್ಳಪ್ಪ ದಂಡ ಹಾಕುತ್ತಾನೆ.
ಅರವತ್ತೊಂದಕ್ಕೆ ಹೋಗಿ, ಓರೆ ಅಕ್ಷರದ ಕೆಳಗೆ
ಗುಂಡಗೆ ಬರೆದೆ: 'ಇಲ್ಲ. ಒಳಗಿದ್ದಾಳೆ.'

ಬರೆದು ಪೆನ್ಸಿಲು ಇಡುವಷ್ಟರಲ್ಲಿ ಮೇಲೆ ಮತ್ತೆ
ತೊಟ್ಟಿ ತುಂಬಿ ಸುರಿಯತೊಡಗಿತು.
ಮುನಿಯಲ್ಲಪ್ಪನೋರೇ, ಮೋಟರು!
ಯಾರೂ ಓಗೊಡಲಿಲ್ಲ.
ಇನ್ನೊಮ್ಮೆ ಕೂಗಿದೆ.
ಆಮೇಲೆ ಒಂಟಿ ಚಪ್ಪಲಿಯಲ್ಲೇ ಹೋಗಿ
ಆರಿಸಿ ಬಂದೆ.